ಹಿಮದ ಯಂತ್ರ ಮರಳು ತಿಂದ ಬೇಸಿಗೆ

ಮೊನ್ನೆ ಕುವೈತಿನ ಸಾಲ್ಮಿಯಾದಲ್ಲಿ ಬೆಳಗಿನಿಂದಲೇ ಆಕಾಶ ಕೆಂಪಾಗಿತ್ತು. ಕಿಟಕಿಗಳನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ಏಸಿಯ ಸಂದಿಯಿಂದ ಧೂಳಿನ ವಾಸನೆ ಮನೆಯೊಳಗೆ ಬಂದು ಕೂತಿತ್ತು. ಹಳೆಯ ಗೋಣಿಚೀಲ ಕೊಡವಿದಾಗ ಬರುವಂಥ ವಾಸನೆ ಅದು. ಶಾಲೆಗೆ ರಜೆ ಸಿಕ್ಕಿದ್ದರಿಂದ ಮಗಳು ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿ ಏನೋ ನೋಡುತ್ತಿದ್ದಳು. "ಪಪ್ಪಾ, ಲುಕ್ ಅಟ್ ದಿಸ್" ಎಂದು ನನ್ನ ಮುಖದ ಮುಂದೆ ಹಿಡಿದಳು. ಯಾವುದೋ ಚಳಿದೇಶದ ರಸ್ತೆ. ಒಂದು ಟ್ರಾಕ್ಟರು, ಅದಕ್ಕೆ ಸಿಕ್ಕಿಸಿದ ಯಂತ್ರವೊಂದು ರಸ್ತೆಯ ಮೇಲಿನ ಹಿಮವನ್ನು ಬಾಚಿ ಬಾಯಿಗೆ ಹಾಕಿಕೊಂಡು ಪಕ್ಕಕ್ಕೆ ಕಾರಂಜಿಯಂತೆ ಉಗುಳುತ್ತಿತ್ತು. ನೋಡುವವರಿಗೆ ಚಂದವೇ. ನನ್ನ ಬಲಗೈ ಮಾತ್ರ ನನ್ನನ್ನು ಕೇಳದೆ ಎಡ ಕಂಕುಳಿನೊಳಗೆ ಹೋಗಿ ಅವಿತುಕೊಂಡಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜಲಜ ಅದನ್ನು ಕಂಡಳು. ಅದನ್ನು ಬಂದ್ ಮಾಡು ಎಂದು ಮಗಳಿಗೆ ಹೇಳಿದಳು. ಮಗಳಿಗೆ ಅರ್ಥವಾಗಲಿಲ್ಲ. ಆ ಯಂತ್ರದ ಪರಿಚಯ ನನಗೆ ಉಂಟು, ಇಲ್ಲೇ ಕುವೈತಿನಲ್ಲಿ ಒಂದು ಬೇಸಿಗೆಯಿಡೀ ಅದರ ಮುಂದೆ ನಡೆದಿದ್ದೇನೆ ಎಂದೆ. ಅವಳು ಕಣ್ಣು ಹೊರಳಿಸಿ ನಕ್ಕಳು. ಕುವೈತಿನಲ್ಲಿ ಹಿಮ ತೆಗೆಯುವ ಯಂತ್ರ ಎಂದರೆ ಯಾರಾದರೂ ನಗುವವರೇ. ನಾವೂ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಕುವೈತಿನ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಗಂಗೊಳ್ಳಿಯಿಂದ ಬಂದು ವಫ್ರಾದ ಒಂದು ತೋಟದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ವಫ್ರಾ ಎಂದರೆ ದೇಶದ ದಕ್ಷಿಣದ ತುದಿ, ಇನ್ನು ಸ್ವಲ್ಪ ಮುಂದೆ ಹೋದರೆ ಸೌದಿಯ ಗಡಿ. ತೋಟ ಎಂದಕೂಡಲೇ ಯಾರೂ ತೆಂಗು ಬಾಳೆಯನ್ನು ಕಣ್ಣ ಮುಂದೆ ತಂದುಕೊಳ್ಳಬಾರದು. ಪ್ಲಾಸ್ಟಿಕ್ ಹೊದಿಸಿದ ಉದ್ದುದ್ದ ಹಸಿರುಮನೆಗಳು, ಅವುಗಳೊಳಗೆ ಸೌತೆ, ಟೊಮೆಟೊ, ದೊಣ್ಣೆಮೆಣಸು. ಅವುಗಳ ಆಚೆಗೆ ಕಣ್ಣು ಹೋದಷ್ಟು ದೂರ ಮರಳು. ಪಂಪು ಮತ್ತು ಫ್ಯಾನುಗಳು ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬೋರಿನ ನೀರು ಉಪ್ಪು, ಗಿಡಕ್ಕೆ ಹೇಗೋ ಆಗುತ್ತದೆ, ಮನುಷ್ಯನಿಗೆ ಆಗುವುದಿಲ್ಲ. ಕುಡಿಯುವ ನೀರು ಟ್ಯಾಂಕರಿನಲ್ಲೇ ಬರಬೇಕು. ತೋಟದ ಕೆಲಸಗಾರರೆಲ್ಲ ಅಲ್ಲೇ ತಗಡಿನ ಕೋಣೆಗಳಲ್ಲಿ ಇರುತ್ತಿದ್ದೆವು. ಬಸ್ಸು ಹಿಡಿಯಬೇಕೆಂದರೆ ಡಾಂಬರು ರಸ್ತೆಯವರೆಗೆ ಮಣ್ಣಿನ ದಾರಿಯಲ್ಲಿ ಹೋಗಬೇಕು. ಆ ದಾರಿಯೇ ನಮ್ಮ ಹೊಕ್ಕುಳಬಳ್ಳಿ.

ಬೇಸಿಗೆ ಮುಗಿದ ಕೂಡಲೇ ನಾನು ಊರಿಗೆ ಹೋಗಿ ಕೋಟೇಶ್ವರದ ಜಲಜಳನ್ನು ಮದುವೆಯಾಗುವುದೆಂದು ನಿಶ್ಚಯವಾಗಿತ್ತು. ಅವಳನ್ನು ನಾನು ನೋಡಿದ್ದು ಒಂದೇ ಸಲ, ಅದೂ ನಾಲ್ಕು ಜನ ಹಿರಿಯರ ಮಧ್ಯೆ, ಉಪ್ಪಿಟ್ಟಿನ ತಟ್ಟೆಯ ಆಚೆಗೆ. ಆಮೇಲೆ ಒಂದು ಫೋಟೋ ಬಂದಿತ್ತು. ಹೀಗಾಗಿ ಆ ವರ್ಷ ನನಗೆ ಬೇಕಾಗಿದ್ದದ್ದು ಬೇರೇನೂ ಅಲ್ಲ. ಎರಡು ಕೈ, ಎರಡು ಕಾಲು ಜೊತೆಯಲ್ಲಿಟ್ಟುಕೊಂಡು ಊರು ಸೇರುವುದು, ಅಷ್ಟೇ.

ಇದೇನು ದೊಡ್ಡ ಆಸೆ ಎಂದು ಕೇಳುವವರು ಆಗಿನ ವಫ್ರಾವನ್ನು ನೋಡಿಲ್ಲ. ನೆಲದ ಮೇಲೆ ಯುದ್ಧ ಮುಗಿದಿತ್ತು, ಮರಳಿನ ಕೆಳಗೆ ಮುಗಿದಿರಲಿಲ್ಲ. ಹುಗಿದಿಟ್ಟ ಬಾಂಬುಗಳು, ಮೇಲಿನಿಂದ ಬಿದ್ದು ಸಿಡಿಯದೆ ಉಳಿದ ಸಣ್ಣ ಸಣ್ಣ ಬಾಂಬುಗಳು ಎಲ್ಲೆಲ್ಲೋ ಇದ್ದವು. ಸೇನೆಯವರು ಬಂದು ಹುಡುಕಿ ತೆಗೆದಿದ್ದರು, ಕಬ್ಬಿಣದ ತುಂಡು ಕಂಡರೆ ಮುಟ್ಟಬೇಡಿ, ನಮ್ಮನ್ನು ಕರೆಯಿರಿ ಎಂದು ಹೇಳಿಯೂ ಹೋಗಿದ್ದರು. ಆದರೆ ಮರಳು ಒಂದು ಕಡೆ ನಿಲ್ಲುವ ಜಾತಿಯಲ್ಲ. ನಿನ್ನೆ ಶುಚಿ ಮಾಡಿದ ಜಾಗದ ಮೇಲೆ ಇವತ್ತು ಬೇರೆಲ್ಲಿಯದೋ ಗುಡ್ಡೆ ಬಂದು ಕೂತಿರುತ್ತದೆ. ಅದರ ಹೊಟ್ಟೆಯಲ್ಲಿ ಏನಿದೆಯೋ ಯಾರು ಬಲ್ಲರು. ಪಕ್ಕದ ತೋಟದ ಬೇಲಿಯಾಚೆ ಒಂದು ಆಡು ಸತ್ತದ್ದನ್ನು ನಾನೇ ಕಂಡಿದ್ದೆ. ಕಂಡೆ ಎಂದರೆ, ಆಡು ಎಂದು ಗುರುತು ಹಿಡಿಯುವಂಥದ್ದು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಅಂದಿನಿಂದ ನಾನು ಹೊಸ ಮರಳಿನ ಮೇಲೆ ಕಾಲಿಡುವಾಗ ಉಸಿರು ಹಿಡಿದೇ ಇಡುತ್ತಿದ್ದೆ. ಉಸಿರು ಹಿಡಿದರೆ ಬಾಂಬು ಸಿಡಿಯುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹೆದರಿದವನಿಗೆ ಅಂಥದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ವರ್ಷ ಉತ್ತರದ ಗಾಳಿ ಬೇಗ ಎದ್ದಿತು. ಒಂದು ದಿನ ಬೀಸುತ್ತದೆ, ಎರಡು ದಿನ ಬಿಡುತ್ತದೆ, ಮತ್ತೆ ಬೀಸುತ್ತದೆ. ಪ್ರತಿ ಸಲವೂ ನಮ್ಮ ದಾರಿಯ ಮೇಲೆ ಮೊಣಕಾಲೆತ್ತರ ಮರಳು. ಸಲಿಕೆ ಹಿಡಿದು ಬಾಚಿದೆವು, ಸಾಕಾಗಲಿಲ್ಲ. ತೋಟದಲ್ಲಿ ಮರಳು ತಳ್ಳುವ ಒಂದು ಹಳೆಯ ಲೋಡರ್ ಇತ್ತು, ಅದು ಮೊದಲ ವಾರವೇ ಕೈಕೊಟ್ಟಿತು. ನಮ್ಮ ಕಫೀಲ್, ಅಂದರೆ ತೋಟದ ಯಜಮಾನ, ನಗರಕ್ಕೆ ಹೋಗಿ ಯಾವುದೋ ಹರಾಜಿನಲ್ಲಿ ಒಂದು ಯಂತ್ರವನ್ನು ಹಿಡಿದುಕೊಂಡು ಬಂದ. ಯುದ್ಧದ ನಂತರ ಕೆಲಸಕ್ಕೆ ಬಂದಿದ್ದ ಹೊರದೇಶದವರು ಬಿಟ್ಟುಹೋದ ಸಾಮಾನಂತೆ. ಲಾರಿಯಿಂದ ಇಳಿಸಿದಾಗ ಕಿತ್ತಳೆ ಬಣ್ಣದ ಅದರ ಮೈಮೇಲೆ ಬಿಳಿಯ ಹಿಮದ ಹರಳಿನ ಚಿತ್ರ ಇತ್ತು. ಹಿಮ ಬಾಚುವ ಯಂತ್ರ ಇಲ್ಲಿಗೇಕೆ ಬಂದಿತ್ತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಯಾರೋ ಯಾವುದೋ ಗೋದಾಮಿನ ಸಾಮಾನನ್ನು ಕಣ್ಣುಮುಚ್ಚಿ ಹಡಗಿಗೆ ತುಂಬಿಸಿರಬೇಕು. ಕಫೀಲನ ಲೆಕ್ಕ ಸರಳವಾಗಿತ್ತು. ಹಿಮವೂ ರಾಶಿ ಬೀಳುತ್ತದೆ, ಮರಳೂ ರಾಶಿ ಬೀಳುತ್ತದೆ.

"ಇದ್ ಎಂತದಾ ಮಾರಾಯಾ, ಐಸ್‌ಕ್ಯಾಂಡಿ ಮಿಷಿನಾ?" ಎಂದರು ಸಿರಿಲಣ್ಣ.

ಸಿರಿಲಣ್ಣ ತೋಟದ ಮೆಕ್ಯಾನಿಕ್. ಕುಂದಾಪುರದ ಕ್ರಿಶ್ಚಿಯನ್ನರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮನೆಯ ಮಾತು ಕೊಂಕಣಿ, ಮಂಗಳೂರಿನ ಗ್ಯಾರೇಜಿನಲ್ಲಿ ಕಲಿತ ತುಳು ನಾಲಗೆಯ ತುದಿಯಲ್ಲಿ. ನನಗೆ ಎರಡೂ ನೆಟ್ಟಗೆ ಬಾರದು. ಹಾಗಾಗಿ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಟ್ರಾಕ್ಟರು ಓಡಿಸುವವನು ಸಯೀದ್, ಈಜಿಪ್ಟಿನ ರೈತನ ಮಗ, ನನ್ನದೇ ವಯಸ್ಸು. ಅವನಿಗೆ ನಮ್ಮ ಭಾಷೆ ಒಂದೂ ಬಾರದು. ಅವನ ಅರಬಿ ನಮಗೆ ಅಷ್ಟಕ್ಕಷ್ಟೇ. ಕೆಲಸಕ್ಕೆ ಬೇಕಾದ ನಾಲ್ಕು ಮಾತು ಮಾತ್ರ ಮೂವರಿಗೂ ಬರುತ್ತಿತ್ತು. ಖಲಾಸ್ ಎಂದರೆ ಮುಗಿಯಿತು. ಯಲ್ಲಾ ಎಂದರೆ ನಡಿ, ಹೊರಡು. ಉಳಿದದ್ದಕ್ಕೆ ಹರಕು ಹಿಂದಿ ಮತ್ತು ಕೈಸನ್ನೆ.

ಆ ಯಂತ್ರವನ್ನು ಟ್ರಾಕ್ಟರಿನ ಹಿಂಬದಿಗೆ ಸಿಕ್ಕಿಸಬೇಕಿತ್ತು. ಅಗಲವಾದ ತೆರೆದ ಬಾಯಿ. ಬಾಯೊಳಗೆ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಸುರುಳಿ. ಅವು ತಿರುಗುತ್ತ ಮರಳನ್ನು ಎರಡೂ ಕಡೆಯಿಂದ ನಡುವಿಗೆ ತಳ್ಳುತ್ತವೆ. ನಡುವಿನ ಹಿಂದೆ ಒಂದು ದೊಡ್ಡ ರೆಕ್ಕೆ ಗಿರ್ರೆಂದು ತಿರುಗಿ ಅದನ್ನು ಸೊಂಡಿಲಿನಂಥ ಕೊಳವೆಯಿಂದ ಆಚೆಗೆ ಎಸೆಯುತ್ತದೆ. ಯಂತ್ರ ಹಿಂದೆ ಇರುವುದರಿಂದ ಸಯೀದ್ ಇಡೀ ದಿನ ಕತ್ತು ತಿರುಗಿಸಿಕೊಂಡು ಟ್ರಾಕ್ಟರನ್ನು ರಿವರ್ಸಿನಲ್ಲೇ ಓಡಿಸಬೇಕು. ಪ್ರತಿ ಸುರುಳಿಗೂ ಒಂದೊಂದು ಬೋಲ್ಟು. ಅದು ಮುರಿಯಲೆಂದೇ ಹಾಕುವ ಬೋಲ್ಟು. ಬಾಯಿಗೆ ಗಟ್ಟಿ ಏನಾದರೂ ಸಿಕ್ಕಿದರೆ ಅದು ಮುರಿದು ಆ ಸುರುಳಿ ಸುಮ್ಮನಾಗುತ್ತದೆ, ಒಳಗಿನ ಹಲ್ಲುಚಕ್ರ ಉಳಿಯುತ್ತದೆ. ಹೊಸ ಬೋಲ್ಟು ಹಾಕಿದರೆ ಮತ್ತೆ ಊಟಕ್ಕೆ ತಯಾರು. ಸಿರಿಲಣ್ಣ ಒಂದು ಹಾಲಿನಪುಡಿ ಡಬ್ಬಿಯ ತುಂಬ ಆ ಬೋಲ್ಟುಗಳನ್ನು ತುಂಬಿಸಿಕೊಂಡು ಯಂತ್ರದ ಪಕ್ಕದಲ್ಲೇ ನಡೆಯುತ್ತಿದ್ದರು.

ಮತ್ತೆ ನಾನು? ಯಂತ್ರದ ಬಾಯಿಗೆ ಕಬ್ಬಿಣ ಸಿಗಬಾರದಲ್ಲ. ಯಾರಾದರೂ ಒಬ್ಬರು ಉದ್ದದ ಸರಳು ಹಿಡಿದು ಆ ಬಾಯಿಯ ಮುಂದೆ ನಡೆಯುತ್ತ ಮರಳನ್ನು ಚುಚ್ಚಿ ನೋಡಬೇಕು. ಎಲೆಕ್ಟ್ರಿಷಿಯನ್‌ಗೆ ಗಾಳಿಯ ದಿನ ಬೇರೇನು ಕೆಲಸ ಎಂದು ಕಫೀಲ್ ನನ್ನನ್ನೇ ತೋರಿಸಿದ. ನಾನು ಒಲ್ಲೆನೆಂದು ಸಿರಿಲಣ್ಣನ ಹತ್ತಿರ ಹೇಳಿದೆ. ಅವರು ಬೀಡಿ ಆರಿಸಿ ನನ್ನ ಮುಖ ನೋಡಿದರು.

"ನೀ ಹೋಗ್ದಿದ್ರೆ ನಾ ಹೋಯ್ಕ್, ಭಾಸ್ಕರಾ. ನಂಗ್ ಮೂರ್ ಮಕ್ಕಳ್."

ನಾನು ಹೋಗಿ ಸರಳು ಹಿಡಿದೆ.

ಮೊದಲ ದಿನವನ್ನು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಮುಂದೆ ಏನಿದೆಯೋ ತಿಳಿಯದ ಮರಳು, ಹಿಂದೆ ಗರಗರ ತಿರುಗುವ ಬಾಯಿ. ಮೆಲ್ಲಗೆ ನಡೆದರೆ ಯಂತ್ರ ಬೆನ್ನಿಗೆ ಬರುತ್ತದೆ, ಬೇಗ ನಡೆದರೆ ಚುಚ್ಚಿ ನೋಡಲು ಪುರುಸೊತ್ತಿಲ್ಲ. ಚುಚ್ಚುವುದಾದರೂ ಹೇಗೆ? ಜೋರಾಗಿ ಚುಚ್ಚಿದರೆ ಬಾಂಬಿಗೇ ತಗಲಬಹುದು, ಮೆಲ್ಲಗೆ ಚುಚ್ಚಿದರೆ ತಿಳಿಯುವುದೇ ಇಲ್ಲ. ಪಾಯಸದಲ್ಲಿ ಗೋಡಂಬಿ ಹುಡುಕುವವನಂತೆ ಓರೆಯಾಗಿ ಸರಳು ಆಡಿಸಿಕೊಂಡು ಹೋದೆ. ಆ ಬೇಸಿಗೆಯಲ್ಲಿ ನಾನು ನನ್ನ ಪಾದಗಳನ್ನು ನೋಡಿದಷ್ಟು ಜಲಜಳ ಫೋಟೋವನ್ನೂ ನೋಡಲಿಲ್ಲ.

ಯಂತ್ರ ಮರಳನ್ನು ತಿನ್ನುತ್ತಿತ್ತು ಎಂಬುದೇನೋ ನಿಜ. ಆದರೆ ಹಿಮ ಎಸೆದ ಕಡೆ ಬೀಳುತ್ತದೆ, ಮರಳು ಗಾಳಿಯ ಜೊತೆ ತಿರುಗಿ ಬರುತ್ತದೆ. ಸಯೀದ್ ಕೊಳವೆಯನ್ನು ಉತ್ತರಕ್ಕೆ ತಿರುಗಿಸಿದರೆ ಗಾಳಿ ದಕ್ಷಿಣಕ್ಕೆ ತಂದು ನಮ್ಮ ಮುಖಕ್ಕೇ ಎರಚುತ್ತಿತ್ತು. ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೂವರೂ ದರೋಡೆಗೆ ಹೊರಟವರಂತೆ ಕಾಣುತ್ತಿದ್ದೆವು. ಸಂಜೆ ಸ್ನಾನಕ್ಕೆ ನಿಂತರೆ ಕಿವಿಯಿಂದ, ಹೊಕ್ಕುಳಿನಿಂದ ಮರಳು. ಅನ್ನ ಅಗಿದರೆ ಕರಕರ. ಚಳಿಗಾಲದಲ್ಲಿ ನಗರದವರು ಬಂದು ಮರುಭೂಮಿಯಲ್ಲಿ ಡೇರೆ ಹಾಕಿ ಹೋಗುತ್ತಿದ್ದರಲ್ಲ, ಅವರು ಬಿಟ್ಟ ಡೇರೆಯ ಗೂಟ, ಪೆಪ್ಸಿ ಡಬ್ಬಿ, ತಂತಿಯ ತುಂಡು ಎಲ್ಲವೂ ಸರಳಿಗೆ ತಗಲುತ್ತಿದ್ದವು. ತಗಲಿದಾಗಲೆಲ್ಲ ನಾನು ಎರಡೂ ಕೈ ಮೇಲೆತ್ತುತ್ತಿದ್ದೆ, ಸಯೀದ್ ಟ್ರಾಕ್ಟರು ನಿಲ್ಲಿಸುತ್ತಿದ್ದ. ಮೊಣಕಾಲೂರಿ ಬೆರಳ ತುದಿಯಿಂದ ಮರಳನ್ನು ಸರಿಸುತ್ತಿದ್ದೆ. ಹೆಚ್ಚಾಗಿ ಅದು ಡಬ್ಬಿಯೇ ಆಗಿರುತ್ತಿತ್ತು.

ಒಮ್ಮೆ ಅದು ಡಬ್ಬಿಯಾಗಿರಲಿಲ್ಲ. ದೋಸೆ ಹೊಯ್ಯುವ ಕಾವಲಿಯಷ್ಟು ಅಗಲದ, ತುಕ್ಕು ಬಣ್ಣದ ಒಂದು ದುಂಡನೆಯ ವಸ್ತು. ಬಂದ ದಾರಿಯಲ್ಲೇ, ನಮ್ಮದೇ ಹೆಜ್ಜೆಗಳ ಮೇಲೆ ಹೆಜ್ಜೆಯಿಟ್ಟು ಮೂವರೂ ಹಿಂದೆ ಬಂದೆವು. ಸೇನೆಯವರು ಬಂದು ಅದನ್ನು ಅಲ್ಲೇ ಸಿಡಿಸಿದರು. ದೂರದಲ್ಲಿ ಕೂತಿದ್ದ ನನ್ನ ಅಂಗಾಲಿಗೆ ನೆಲ ಒದ್ದಂತಾಯಿತು. ಮರುದಿನ ಕಫೀಲನ ಹತ್ತಿರ ಹೋಗಿ ನನ್ನನ್ನು ಈ ಕೆಲಸದಿಂದ ಬಿಡಿಸಿ ಎಂದು ಕೇಳಿದೆ. ಅವನು ಕೆಟ್ಟವನಲ್ಲ, ನನ್ನ ಹೆಗಲ ಮೇಲೆ ಕೈಯಿಟ್ಟು, ಗಾಳಿಯ ಕಾಲ ಮುಗಿಯಲಿ, ಮದುವೆಗೆ ನಾನೇ ಏರ್‌ಪೋರ್ಟಿಗೆ ಬಿಡುತ್ತೇನೆ ಎಂದ. ಆದರೆ ಅವನ ಕಾರು ಮಾತ್ರ ಡಾಂಬರು ರಸ್ತೆ ಬಿಟ್ಟು ಕೆಳಗೆ ಇಳಿದದ್ದನ್ನು ನಾವು ಆ ಬೇಸಿಗೆಯಲ್ಲಿ ಕಾಣಲಿಲ್ಲ.

ಜುಲೈನಲ್ಲಿ ದೊಡ್ಡ ಗಾಳಿ ಬಂತು. ಮೂರು ದಿನ ಹಗಲು ಯಾವುದು ಸಂಜೆ ಯಾವುದು ಎಂದು ತಿಳಿಯಲಿಲ್ಲ. ತಗಡಿನ ಮಾಡು ಎದ್ದು ಎದ್ದು ಬಡಿಯುತ್ತಿತ್ತು. ಎರಡು ಹಸಿರುಮನೆಗಳ ಪ್ಲಾಸ್ಟಿಕ್ ಹರಿದು ಎಲ್ಲಿಗೋ ಹಾರಿಹೋಯಿತು. ಫೋನಿನ ತಂತಿ ಸತ್ತಿತು. ಗಾಳಿ ನಿಂತ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ದಾರಿ ಇದ್ದ ಜಾಗದಲ್ಲಿ ದಾರಿಯೇ ಇರಲಿಲ್ಲ. ಸೊಂಟದೆತ್ತರದ ಅಲೆಗಳು, ಅವುಗಳ ಮೇಲೆ ಗೆರೆಗೆರೆ. ಕುಡಿಯುವ ನೀರಿನ ತೊಟ್ಟಿಯಲ್ಲಿ ತಳದ ಕೆಸರು ಕಾಣುತ್ತಿತ್ತು. ತೋಟದಲ್ಲಿ ನಲವತ್ತರ ಹತ್ತಿರ ಜನ. ಬಿಸಿಲು ಏರುತ್ತಿತ್ತು. ಅಡುಗೆಯವನು ಎಲ್ಲರಿಗೂ ಅರ್ಧರ್ಧ ಲೋಟ ಕೊಟ್ಟು ಇನ್ನು ಕೇಳಬೇಡಿ ಎಂದ.

ನಾವು ಮೂವರೂ ಹೊರಟೆವು. ಟ್ರಾಕ್ಟರಿನ ಬ್ಯಾಟರಿ ಆ ಗಾಳಿಯಲ್ಲಿ ಅರೆಜೀವವಾಗಿತ್ತು. ಹಸಿರುಮನೆಯ ಜನರೇಟರಿನಿಂದ ತಂತಿ ಎಳೆದು ಹೇಗೋ ಸ್ಟಾರ್ಟ್ ಮಾಡಿದ್ದೆವು. ಇನ್ನು ನಡುದಾರಿಯಲ್ಲಿ ಎಂಜಿನ್ ಬಂದ್ ಮಾಡಲೇಬಾರದು, ಮಾಡಿದರೆ ಮತ್ತೆ ಏಳುವ ಭರವಸೆಯಿಲ್ಲ ಎಂದು ಸಿರಿಲಣ್ಣ ಮೊದಲೇ ಹೇಳಿದ್ದರು. ಹಾಗಾಗಿ ಬೋಲ್ಟು ಮುರಿದಾಗಲೆಲ್ಲ ಸಯೀದ್ ಎಂಜಿನ್ ಓಡುತ್ತಿದ್ದಂತೆಯೇ ಯಂತ್ರವನ್ನು ತಿರುಗಿಸುವ ಲಿವರನ್ನಷ್ಟೇ ಕೆಳಗೆ ಹಾಕುತ್ತಿದ್ದ. ಸುರುಳಿ ನಿಲ್ಲುತ್ತಿತ್ತು, ನಾನು ಬಾಯಿಗೆ ಕೈ ಹಾಕಿ ಸಿಕ್ಕಿದ್ದನ್ನು ಎಳೆಯುತ್ತಿದ್ದೆ, ಸಿರಿಲಣ್ಣ ಹೊಸ ಬೋಲ್ಟು ಹಾಕುತ್ತಿದ್ದರು. ಸಯೀದ್ ಮೇಲಿನಿಂದ "ಖಲಾಸ್?" ಎಂದು ಕೇಳುತ್ತಿದ್ದ. ಆಯಿತಾ ಎಂದು. ನಾವು "ಯಲ್ಲಾ" ಎನ್ನುತ್ತಿದ್ದೆವು. ಅವನು ಲಿವರ್ ಎತ್ತುತ್ತಿದ್ದ. ನಾವು ಯಂತ್ರದ ಬಾಯಲ್ಲಿ ಬಾಗಿದರೆ ಅದರ ಎತ್ತರದ ತಗಡು ಅಡ್ಡ ಬಂದು ಅವನಿಗೆ ನಮ್ಮ ತಲೆಯೂ ಕಾಣುತ್ತಿರಲಿಲ್ಲ. ಕಿವಿಯೇ ಅವನಿಗೆ ಕಣ್ಣು.

ಮಧ್ಯಾಹ್ನದ ಹೊತ್ತಿಗೆ ಡಾಂಬರು ರಸ್ತೆ ಕಾಣುವಷ್ಟು ಹತ್ತಿರ ಬಂದಿದ್ದೆವು. ನೀರಿನ ಟ್ಯಾಂಕರು ಬಂದು ರಸ್ತೆಯ ಅಂಚಿನಲ್ಲಿ ನಿಂತದ್ದೂ ಬಿಸಿಲ ಅಲೆಯಲ್ಲಿ ನಡುಗುತ್ತ ಕಾಣುತ್ತಿತ್ತು. ನಮ್ಮ ಬಾಟಲಿಯ ನೀರು ಮುಗಿದು ಬಹಳ ಹೊತ್ತಾಗಿತ್ತು. ನನ್ನ ನಾಲಗೆ ಅಂಗುಳಿಗೆ ಅಂಟಿತ್ತು. ಆಗ ಬಲಗಡೆಯ ಸುರುಳಿಯಲ್ಲಿ ಟಕ್ ಎಂದಿತು.

ಸಯೀದ್ ಲಿವರ್ ಕೆಳಗೆ ಹಾಕಿದ. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ನಾನು ಹೊಟ್ಟೆಯ ಮೇಲೆ ಮಲಗಿ ಬಾಯೊಳಗೆ ನೋಡಿದೆ. ಸುರುಳಿಗೆ ತಂತಿಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಇಕ್ಕಳದಿಂದ ಒಂದೊಂದೇ ಸುತ್ತನ್ನು ಕತ್ತರಿಸಿದೆ. ತಂತಿಯ ಇನ್ನೊಂದು ತುದಿ ಒಳಗೆ, ಸುರುಳಿಯ ಹಿಂದೆ ಎಲ್ಲೋ ಸಿಕ್ಕಿಕೊಂಡಿತ್ತು. ಬಲಗೈಯನ್ನು ಅಲಗುಗಳ ನಡುವೆ ತೂರಿಸಿದೆ. ಮೊಣಕೈ ದಾಟಿತು, ತೋಳು ಅರ್ಧ ಒಳಗೆ ಹೋಯಿತು. ಬೆರಳಿಗೆ ಏನೋ ದುಂಡಗಿನದು ತಗಲಿತು. ತಗಡು. ಒಳಗೆ ಟೊಳ್ಳು. ತಂತಿ ಅದಕ್ಕೇ ಬಿಗಿದಿತ್ತು.

"ಸಿರಿಲಣ್ಣ" ಎಂದೆ. "ತಂತಿ ಮಾತ್ರ ಅಲ್ಲ. ಒಳ್ಗೆ ಡಬ್ಬಿ ಹಾಂಗೆ ಎಂತದೋ ಇತ್ತ್."

ಅವರು ಬೋಲ್ಟು ಹಿಡಿದುಕೊಂಡು ಬಾಗಲು ಹೊರಟವರು ಹಾಗೆಯೇ ನಿಂತುಬಿಟ್ಟರು. ಅದೇ ಹೊತ್ತಿಗೆ ಸಯೀದ್ ಮೇಲಿನಿಂದ, ಖಲಾಸ್, ಎಂದು ಕೂಗಿ ಕೇಳಿದ.

"ಇಲ್ಲ! ಇಲ್ಲ!" ಎಂದು ಸಿರಿಲಣ್ಣ ಕಿರುಚಿದರು.

ಲಿವರ್ ಮೇಲೆದ್ದ ಸದ್ದು ನನಗೆ ಕೇಳಿಸಿತು. ಆಮೇಲೆ ಇಡೀ ಯಂತ್ರ ನನ್ನ ಕೆನ್ನೆಯ ಹತ್ತಿರವೇ ಬೊಬ್ಬೆ ಹೊಡೆಯಿತು. ಹಿಂದಿನ ರೆಕ್ಕೆ ಗಿರ್ರೆಂದಿತು, ಎಡಗಡೆಯ ಸುರುಳಿ ತಿರುಗಿ ಮುಖಕ್ಕೆ ಮರಳು ಹೊಡೆಯಿತು. ಬಲಗಡೆಯ ಸುರುಳಿ, ನನ್ನ ತೋಳನ್ನು ಅಲಗುಗಳ ನಡುವೆ ಹಿಡಿದುಕೊಂಡಿದ್ದ ಸುರುಳಿ, ಒಮ್ಮೆ ಕುಲುಕಿತು. ಅಂಗಿಯ ತೋಳನ್ನು ಕಚ್ಚಿ ಎಳೆಯಿತು. ನನ್ನ ಹೆಗಲು ಕಬ್ಬಿಣಕ್ಕೆ ಬಡಿಯಿತು. ನಾನು ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಕೈ ಹೋಯಿತು ಎಂದು ಮಾತ್ರ ಗೊತ್ತಾಯಿತು. ಅಷ್ಟು ಖಚಿತವಾಗಿ ಅದಕ್ಕೆ ಮೊದಲು ನನಗೆ ಯಾವುದೂ ಗೊತ್ತಾಗಿರಲಿಲ್ಲ.

ಕೈ ಹೋಗಲಿಲ್ಲ. ಬಲಗಡೆಯ ಬೋಲ್ಟು ಮುರಿದಿತ್ತಲ್ಲ, ಹೊಸದು ಇನ್ನೂ ಸಿರಿಲಣ್ಣನ ಅಂಗೈಯಲ್ಲೇ ಇತ್ತು. ಸುರುಳಿಗೆ ತಿರುಗುವ ಬಲ ಬರಲಿಲ್ಲ, ಒಳಗೆ ತುಂಬಿದ್ದ ಮರಳಿನ ತಿಕ್ಕಾಟಕ್ಕೆ ಕಾಲು ಸುತ್ತು ಹೊರಳಿ ನಿಂತುಬಿಟ್ಟಿತು. ಬೋಲ್ಟು ಹಾಕಿ ಆಮೇಲೆ ತಂತಿ ತೆಗೆಯುವಾ ಎಂದು ಅವರು ಅಂದುಕೊಂಡಿದ್ದರೆ ಈ ಬರಹವನ್ನು ನಾನು ಎಡಗೈಯಲ್ಲಿ ಬರೆಯಬೇಕಾಗುತ್ತಿತ್ತು, ಅಥವಾ ಬರೆಯುವವನೇ ಇರುತ್ತಿರಲಿಲ್ಲ. ಸಿರಿಲಣ್ಣ ಸ್ಪ್ಯಾನರಿನಿಂದ ತಗಡಿಗೆ ಬಡಿಯುತ್ತ ಸಯೀದನತ್ತ ಓಡಿದರು. ಗದ್ದಲ ನಿಂತಿತು.

ಎಂಜಿನ್ನಿನ ಸದ್ದಿನಲ್ಲಿ ಕನ್ನಡದ ಇಲ್ಲ ಎಂಬುದು ಅವನಿಗೆ ಅರಬಿಯ ಯಲ್ಲಾ ಆಗಿ ಕೇಳಿತ್ತು. ಬೇಡ ಎಂದದ್ದು ನಡಿ ಎಂದಾಗಿತ್ತು. ಕೆಲಸದ ಸ್ಥಳದಲ್ಲಿ ನಾವು ಯಾವತ್ತೂ ಅರಬಿಯ ಲಾ ಅಥವಾ ಹಿಂದಿಯ ನಹೀ ಎನ್ನುತ್ತಿದ್ದೆವು. ಆದರೆ ಹೆದರಿದ ಬಾಯಿಗೆ ಯಾವ ಭಾಷೆ ಬರುತ್ತದೆ ಎಂಬುದು ಯಾರ ಕೈಯಲ್ಲಿದೆ? ಸಿರಿಲಣ್ಣ ತಮ್ಮ ಮನೆಯ ಕೊಂಕಣಿಯಲ್ಲಿ ನಾ ಎಂದು ಕಿರುಚಿದ್ದರೂ ಆಗುತ್ತಿತ್ತು, ತುಳುವಿನಲ್ಲಿ ಇಜ್ಜಿ ಎಂದಿದ್ದರೂ ಆಗುತ್ತಿತ್ತು. ಎರಡೂ ಬರುತ್ತಿದ್ದ ಮನುಷ್ಯ ಅದೊಂದು ಕ್ಷಣದಲ್ಲಿ ನನ್ನ ಜೊತೆ ಮಾತಾಡುತ್ತಿದ್ದರು. ನನಗೋಸ್ಕರ ಕನ್ನಡದಲ್ಲಿ ಮಾತಾಡುತ್ತಿದ್ದರು.

ಅವರು ಬಂದು ನನ್ನ ತೋಳನ್ನು ಮೆಲ್ಲಗೆ ಹೊರಗೆ ಎಳೆದರು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಗೀರು, ಮರಳು ಮೆತ್ತಿದ ರಕ್ತ. ಬೆರಳುಗಳನ್ನು ಮಡಚಿ ನೋಡು ಎಂದರು, ಮಡಚಿದೆ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಿಗಿಯಾಗಿ ಕಟ್ಟಿದರು. ಸಯೀದನಿಗೆ ಅವರು ಹಿಂದಿ, ಅರಬಿ, ಕೈಸನ್ನೆ ಎಲ್ಲ ಸೇರಿಸಿ, ಇಲ್ಲ ಎಂದರೆ ಲಾ, ಯಲ್ಲಾ ಅಲ್ಲ, ಎಂದು ತಿಳಿಸಿದರು. ಅವನು ಆ ಶಬ್ದವನ್ನು ಬಾಯೊಳಗೇ ಒಂದೆರಡು ಸಲ ಹೇಳಿ ನೋಡಿದ. ಆಮೇಲೆ ಟ್ರಾಕ್ಟರಿನ ಚಕ್ರದ ಮರೆಗೆ ಹೋಗಿ ವಾಂತಿ ಮಾಡಿಕೊಂಡ. ಹೊಟ್ಟೆಯಲ್ಲಿ ನೀರೇ ಇರಲಿಲ್ಲ, ಏನು ಬಂದೀತು.

ಆದರೆ ಆ ಡಬ್ಬಿ ಇನ್ನೂ ಒಳಗೇ ಇತ್ತು. ಟ್ಯಾಂಕರಿನವನು ಹಾರ್ನ್ ಹೊಡೆದ. ಎಷ್ಟು ಹೊತ್ತು ಕಾಯುತ್ತಾನೋ ತಿಳಿಯದು. ಕಬ್ಬಿಣ ಮುಟ್ಟಬೇಡಿ, ಕರೆಯಿರಿ ಎಂದಿದ್ದರು ಸೇನೆಯವರು. ಕರೆಯಲು ಫೋನಿಲ್ಲ. ನಡೆದು ಹೋಗೋಣವೆಂದರೆ ಮುಂದಿನದು ಚುಚ್ಚಿ ನೋಡದ ಮರಳು. ಹಿಂದೆ ತೋಟದಲ್ಲಿ ನಲವತ್ತು ಜನ ದಾರಿ ನೋಡುತ್ತಿದ್ದರು. ಅದು ಬಾಂಬಾಗಿದ್ದರೆ ಇಷ್ಟು ಹೊತ್ತಿಗೆ ಸಿಡಿಯಬೇಕಿತ್ತು ಎಂದರು ಸಿರಿಲಣ್ಣ. ಹೇಳುತ್ತ ಶಿಲುಬೆಯ ಗುರುತು ಮಾಡಿಕೊಂಡರು. ಅವರ ತೋಳು ದಪ್ಪ, ಅಲಗುಗಳ ನಡುವೆ ಹೋಗುವುದಿಲ್ಲ. ಹೋಗುವುದು ನನ್ನದೇ ತೋಳು, ಅಥವಾ ಸಯೀದನದು. ನಾನು ಯಂತ್ರದ ಬಾಯಿಯನ್ನು ನೋಡಿದೆ. ಇಡೀ ಜನ್ಮದಲ್ಲಿ ನನಗೆ ಅಷ್ಟು ಭಯವಾದದ್ದಿಲ್ಲ. ಮುಂದೆ ಹೆಂಡತಿಯ ಹೆರಿಗೆಯ ಹೊತ್ತಿಗೂ ಆಗಲಿಲ್ಲ.

ಸಯೀದ್ ಟ್ರಾಕ್ಟರು ಹತ್ತಿದ. ಎಂಜಿನ್ ಬಂದ್ ಮಾಡಿದ.

ಸಿರಿಲಣ್ಣ ತಲೆಯ ಮೇಲೆ ಕೈಹೊತ್ತರು. ಇನ್ನು ಸ್ಟಾರ್ಟ್ ಆಗದಿದ್ದರೆ? ಬೆಳಗಿನಿಂದ ಕಿವಿ ತುಂಬಿದ್ದ ಸದ್ದು ಹೋಗಿ ಮರಳಿನ ಮೌನ ಬಂದು ಕೂತಿತು. ಸಯೀದ್ ಕೀ ತೆಗೆದುಕೊಂಡು ಇಳಿದು ಬಂದ. ನನ್ನ ಎಡಗೈಯನ್ನು ಹಿಡಿದು ಅಂಗೈಯಲ್ಲಿ ಅದನ್ನು ಇಟ್ಟು ಬೆರಳುಗಳನ್ನು ತಾನೇ ಮಡಚಿದ.

"ಪೆಹಲೇ ಮೇರಾ ಹಾಥ್" ಎಂದ. ಮೊದಲು ನನ್ನ ಕೈ ಎಂದು.

ಅವನು ಅಂಗಿ ಬಿಚ್ಚಿ, ಹೊಟ್ಟೆಯ ಮೇಲೆ ಮಲಗಿ, ಬರಿತೋಳನ್ನು ಆ ಬಾಯೊಳಗೆ ಹಾಕಿದ. ಕಣ್ಣು ಮುಚ್ಚಿ ತಡವುತ್ತ ಹೋದ. ತುಟಿಗಳು ಏನೋ ಪಠಿಸುತ್ತಿದ್ದವು. ನಾನು ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಓಡಿಹೋಗಬೇಕೆನಿಸಿತು, ಆದರೆ ಓಡಬೇಕಾದರೂ ಅದೇ ಮರಳಿನ ಮೇಲೆ ಓಡಬೇಕು. ಅವನ ಕೈ ನಿಂತಿತು. ಮತ್ತೆ ತಡವಿತು. ಆಮೇಲೆ ಅವನು ಕಣ್ಣು ತೆರೆದು ನಿಧಾನವಾಗಿ ಎಳೆದ. ಚಪ್ಪಟೆಯಾದ ಹೊಟ್ಟೆ, ಮುರಿದ ಮೂತಿ, ತಂತಿ ಸುತ್ತಿದ ಹಿಡಿ. ಅದು ಡೇರೆಯವರು ಬಿಟ್ಟುಹೋದ ಚಹಾದ ಕೆಟಲ್.

ಸಿರಿಲಣ್ಣ ಮೊದಲು ನಕ್ಕರು, ಆಮೇಲೆ ಮರಳಿನ ಮೇಲೆ ಕುಕ್ಕರಿಸಿ ಅತ್ತರು. ಸಯೀದ್ ಎರಡನ್ನೂ ಮಾಡಲಿಲ್ಲ. ಸುಮ್ಮನೆ ಅದನ್ನು ದೂರಕ್ಕೆ ಎಸೆದ. ಸಿರಿಲಣ್ಣ ಕಣ್ಣೊರಸಿಕೊಂಡು ಬೋಲ್ಟು ಹಾಕಿದರು. ಟ್ಯಾಂಕರಿನವನು ಮತ್ತೊಮ್ಮೆ ಹಾರ್ನ್ ಹೊಡೆದ. ಸಯೀದ್ ಅಂಗಿ ಹಾಕಿಕೊಂಡು ನನ್ನ ಮುಂದೆ ಬಂದು ಕೈ ಚಾಚಿದ, ಕೀಗಾಗಿ.

ನಾನು ಕೊಡಲಿಲ್ಲ. ಕೊಡಬಾರದೆಂದಲ್ಲ. ಎಲ್ಲರೂ ಬಾಯಾರಿದ್ದರು, ನನಗೂ ಬಾಯಾರಿತ್ತು, ಸಯೀದನ ಮೇಲೆ ನನಗೆ ಸಿಟ್ಟು ಇರಲಿಲ್ಲ. ಕೊಡುತ್ತೇನೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಮುಷ್ಟಿ ಬಿಡಲಿಲ್ಲ. ಕೀ ನನ್ನ ಹತ್ತಿರ ಇರುವವರೆಗೆ ಆ ಯಂತ್ರ ತಿರುಗಲಾರದು ಎಂಬುದು ನನ್ನ ತಲೆಗಿಂತ ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು. ಸಯೀದ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಅವಸರ ಮಾಡಲೂ ಇಲ್ಲ.

"ಬಿಡ್ ಮಾರಾಯಾ" ಎಂದರು ಸಿರಿಲಣ್ಣ ಮೆಲ್ಲಗೆ. "ಅಲ್ಲಿ ಎಲ್ಲರೂ ಕಾಯ್ತಾ ಇದ್ರ್."

ನಾನು ನನ್ನ ಮುಷ್ಟಿಯನ್ನೇ ನೋಡುತ್ತ ನಿಂತಿದ್ದೆ. ಸಿರಿಲಣ್ಣ ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ. ಸಯೀದ್ ಕೀ ತೆಗೆದುಕೊಂಡು ಹತ್ತಿದ. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು, ಕೊನೆಗೆ ಹಿಡಿದುಕೊಂಡಿತು. ಲಿವರ್ ಎತ್ತುವ ಮುಂಚೆ ಅವನು ಈ ಸಲ ಕೂಗಿ ಕೇಳಲಿಲ್ಲ. ಸೀಟಿನ ಮೇಲೆ ಎದ್ದು ನಿಂತು, ಬಾಗಿ, ನಮ್ಮಿಬ್ಬರ ನಾಲ್ಕು ಕೈಗಳನ್ನೂ ಕಣ್ಣಾರೆ ನೋಡಿದ.

ನಾನು ಸರಳು ಎತ್ತಿಕೊಂಡು ಆ ಬಾಯಿಯ ಮುಂದೆ ಮತ್ತೆ ನಡೆಯತೊಡಗಿದೆ.